ಒಂದೇ ಸ್ವರದ ಹೊಟ್ಟೆಕಿಚ್ಚು

ನದಿಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲಿ ತಿಮ್ಮರಾಯಪ್ಪ ಗುರುಗಳ ಆಶ್ರಮ. ಅಲ್ಲಿ ರಾಗವಿಲ್ಲ, ತಾಳವಿಲ್ಲ, ಹಾಡೂ ಇಲ್ಲ. ಇದ್ದದ್ದು ಒತ್ತು ಮಾತ್ರ.

ಒತ್ತು ಅಂದರೆ ನಾಗಸ್ವರದ ಪಕ್ಕದಲ್ಲಿ ನಿಂತು ಒಂದೇ ಸ್ವರವನ್ನು ಎಳೆಯುವ ಉದ್ದನೆಯ ವಾದ್ಯ. ಬೆರಳಿಗೆ ಕೆಲಸವಿಲ್ಲ. ಮದುವೆಮನೆಯಲ್ಲಿ ಅದನ್ನು ಊದುವವನನ್ನು ಊಟಕ್ಕೆ ಕರೆಯಲೂ ಮರೆಯುತ್ತಾರೆ.

ಗುರುಗಳು ನಾಗಸ್ವರವನ್ನು ಬಿಟ್ಟು ಒತ್ತನ್ನೇ ಇಟ್ಟುಕೊಂಡರು. ಹೊತ್ತು ಮುಳುಗುವ ಮುಂಚೆ ಶುರು, ದೀಪ ಹಚ್ಚುವಾಗ ಮುಕ್ತಾಯ. ನಡುವೆ ಒಂದೇ ಸ್ವರ.

ಅದನ್ನು ಕೇಳಲು ಎರಡೂ ದಡದ ಜನ ಬಂದು ಕೂರುತ್ತಿದ್ದರು. ಎಷ್ಟು ಅಲುಗಾಡದೆ ಕೂರುತ್ತಿದ್ದರೆಂದರೆ, ಶೆಟ್ಟರೊಬ್ಬರ ಪೇಟದಲ್ಲಿ ಗುಬ್ಬಿ ಗೂಡು ಕಟ್ಟಿತು. ಮರಿಗೆ ರೆಕ್ಕೆ ಬಲಿಯುವ ತನಕ ಶೆಟ್ಟರು ಮನೆಗೆ ಹೋಗಲಿಲ್ಲ. ಮನೆಯವರೂ ಅವಸರ ಮಾಡಲಿಲ್ಲ.

ಗುರುಗಳಿಗೆ ಇಬ್ಬರು ಶಿಷ್ಯರು. ಹಿರಿಯವನು ಬೈಲಪ್ಪ, ಕಿರಿಯವನು ಓಬಳೇಶ. ಗುರುಗಳು ನಡುವೆ ಮಣೆಯ ಮೇಲೆ ಕೂತು ಸ್ವರ ಎತ್ತಿಕೊಡುತ್ತಿದ್ದರು. ಶಿಷ್ಯರು ಎಡಬಲದಲ್ಲಿ ಕೂತು ಅದನ್ನು ಹಿಡಿದುಕೊಂಡು ಹೋಗುತ್ತಿದ್ದರು.

ಬೈಲಪ್ಪನ ಉಸಿರೆಂದರೆ ಸಾಮಾನ್ಯದ್ದಲ್ಲ. ಅವನು ಎದೆ ತುಂಬ ಎಳೆದನೆಂದರೆ ಆಚೆ ದಡದಲ್ಲಿ ಒಣಗಲು ಹಾಕಿದ ಪಂಚೆ ಈಚೆ ದಡಕ್ಕೆ ಬರುತ್ತಿತ್ತು. ಹಾಗೆಂದು ಹೇಳುತ್ತಿದ್ದವನು ಬೈಲಪ್ಪನೇ. ಪಂಚೆಯವರು ಯಾರೂ ಬಂದು ಇಲ್ಲವೆನ್ನಲಿಲ್ಲ.

ಓಬಳೇಶನ ಉಸಿರು ಗಿಡ್ಡ. ಅವನಿಗೆ ಊಟ, ನಿದ್ದೆ, ಒತ್ತು ಮೂರರ ಮೇಲೂ ಒಂದೇ ಸಮ ಪ್ರೀತಿ.

ಕೆನ್ನೆಯಲ್ಲಿ ಗಾಳಿ ಉಳಿಸಿಕೊಂಡು ಮೂಗಿನಿಂದ ಉಸಿರೆಳೆದರೆ ಒಬ್ಬನೇ ಎಷ್ಟು ಹೊತ್ತಾದರೂ ಊದಬಹುದು. ಆ ವಿದ್ಯೆಯನ್ನು ಗುರುಗಳು ಕಲಿಸಲಿಲ್ಲ.

"ಯಾಕೆ ಗುರುಗಳೇ?" ಬೈಲಪ್ಪ ಕೇಳಿದ್ದ.

"ಇಬ್ಬರಿದ್ದೀರಲ್ಲ. ಅವನು ಉಸಿರೆಳೆಯುವಾಗ ನೀನು ಊದುತ್ತಿರು. ನೀನು ಎಳೆಯುವಾಗ ಅವನು ಊದುತ್ತಿರುತ್ತಾನೆ."

"ಅವನಿಲ್ಲದಿದ್ದರೆ?"

"ಇದ್ದಾನಲ್ಲಪ್ಪ."

ದಿನವೂ ಒತ್ತು ನಿಂತ ಮೇಲೆ ಸಾಕಮ್ಮ ಎಂಬ ಅಜ್ಜಿ ನೆಟ್ಟಗೆ ಓಬಳೇಶನ ಹತ್ತಿರ ಹೋಗಿ ಕೆನ್ನೆ ಸವರುತ್ತಿದ್ದಳು.

"ನಿನ್ನ ಸ್ವರ ಕಿವಿಗೆ ಬಿದ್ದರೆ ನನ್ನ ಮಂಡಿನೋವು ನಿಂತುಹೋಗುತ್ತೆ ಕಣಪ್ಪ."

"ನಾನೂ ಅದೇ ಸ್ವರ ಊದಿದ್ದು ಅಜ್ಜಿ," ಅಂದ ಬೈಲಪ್ಪ.

"ಹೌದಾ, ನೀನೂ ಊದಿದೆಯಾ? ಒಳ್ಳೇದಾಯ್ತು ಬಿಡು."

ಏಳು ಸ್ವರ ಇರುವ ಕಡೆ ಒಬ್ಬ ಒಂದನ್ನು ಚೆನ್ನಾಗಿ ಹಿಡಿದರೆ, ಇನ್ನೊಬ್ಬ ಇನ್ನೊಂದಕ್ಕೆ ಹೋಗಿ ಮರ್ಯಾದೆ ಉಳಿಸಿಕೊಳ್ಳಬಹುದು. ಇಲ್ಲಿ ಇದ್ದದ್ದೇ ಒಂದು. ಅದರಲ್ಲೂ ಓಬಳೇಶನದೇ ಚೆನ್ನಾಗಿದೆಯಂತೆ. ಬೈಲಪ್ಪನಿಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು. ನಾಲ್ಕು ನುಂಗುತ್ತಿದ್ದವನು ಮೂರಕ್ಕೆ ಬಂದ.

ಒಂದು ಬೆಳಗ್ಗೆ ಗುರುಗಳು ಇಬ್ಬರನ್ನೂ ಕರೆದರು.

"ನನ್ನ ಹಲ್ಲು ಅಲ್ಲಾಡುತ್ತಿವೆ. ಹುಣ್ಣಿಮೆಯ ಸಂಜೆ ನೀವು ಊದಿ ಮುಗಿಸಿದ ಮೇಲೆ, ಈ ಮಣೆ ಯಾರಿಗೆ ಅಂತ ಹೇಳುತ್ತೇನೆ."

ಓಬಳೇಶ "ಆಗಲಿ" ಅಂದು ತಿಂಡಿಗೆ ಹೋದ. ಬೈಲಪ್ಪ ಅಲ್ಲೇ ಕೂತು ಯೋಚಿಸಿದ.

ಓಬಳೇಶ ಉಸಿರೆಳೆಯುವ ಹೊತ್ತಿಗೆ ಸರಿಯಾಗಿ ತಾನೂ ನಿಲ್ಲಿಸಿಬಿಟ್ಟರೆ? ಸ್ವರ ತುಂಡಾಗುತ್ತದೆ. ಜನ ಕಣ್ಣು ಬಿಡುತ್ತಾರೆ. ನೋಡಿದರೆ ಬಾಯಿ ತೆರೆದುಕೊಂಡು ಕೂತಿರುವವನು ಓಬಳೇಶ. ತನ್ನ ತುಟಿ ವಾದ್ಯದ ಮೇಲೆಯೇ ಇರುತ್ತದೆ. ಅಜ್ಜಿಯ ಮಂಡಿನೋವು ನಿಂತಲ್ಲೇ ವಾಪಸು ಬರುತ್ತದೆ.

ಆದರೆ ಓಬಳೇಶ ಯಾವಾಗ ಉಸಿರೆಳೆಯುತ್ತಾನೆಂದು ಮೊದಲೇ ತಿಳಿಯಬೇಕು. ಅಂದಿನಿಂದ ಬೈಲಪ್ಪ ಅವನಿಗೇ ಕಿವಿಗೊಟ್ಟ. ಊದುವಾಗ ಕಿವಿಗೊಟ್ಟ, ಮಾತಾಡುವಾಗ ಕಿವಿಗೊಟ್ಟ, ಗೊರಕೆಗೂ ಕಿವಿಗೊಟ್ಟ. ಕೊನೆಗೆ ಕಂಡುಕೊಂಡ: ಉಸಿರು ಮುಗಿಯುವ ಮುಂಚೆ ಅವನ ಸ್ವರ ಕೂದಲೆಳೆಯಷ್ಟು ತೆಳುವಾಗುತ್ತದೆ. ಅದು ಓಬಳೇಶನಿಗೇ ಗೊತ್ತಿರಲಿಲ್ಲ.

"ಏನು ಬೈಲಣ್ಣ, ನನ್ನನ್ನೇ ನೋಡ್ತೀಯ?"

"ನಿನ್ನನ್ನಲ್ಲ. ನಿನ್ನ ಹಿಂದಿನ ಗೋಡೆ ನೋಡ್ತಿದ್ದೀನಿ."

"ಹಿಂದೆ ನದಿ ಇದೆಯಲ್ಲ."

"ಅದನ್ನೇ."

ಹುಣ್ಣಿಮೆ ಬಂತು. ಮೆಟ್ಟಿಲು ಸಾಲದೆ ಜನ ಹರಿಗೋಲುಗಳಲ್ಲಿ ಕೂತರು. ಗುರುಗಳು ಸ್ವರ ಎತ್ತಿಕೊಟ್ಟು, ವಾದ್ಯ ಕೆಳಗಿಟ್ಟು, ಕಣ್ಣು ಮುಚ್ಚಿದರು.

ಸ್ವರ ನೀರಿನ ಮೇಲೆ ಹರಡಿಕೊಂಡಿತು. ಹರಿಗೋಲುಗಳು ತಿರುಗುವುದನ್ನು ಮರೆತವು. ಆಚೆ ದಡದ ಎಮ್ಮೆಯೊಂದು ಮೆಲುಕನ್ನು ಅರ್ಧಕ್ಕೆ ನಿಲ್ಲಿಸಿ, ಬಾಯಲ್ಲಿರುವುದು ಇವತ್ತಿನ ಹುಲ್ಲೋ ನಿನ್ನೆಯದೋ ಎಂದು ಯೋಚಿಸತೊಡಗಿತು.

ಬೈಲಪ್ಪ ಕಾದ.

ಓಬಳೇಶನ ಸ್ವರ ಕೂದಲೆಳೆಯಷ್ಟು ತೆಳುವಾಯಿತು. ಅವನು ಉಸಿರೆಳೆದ. ಬೈಲಪ್ಪ ಊದುವುದನ್ನು ಬಿಟ್ಟ.

ಸ್ವರ ತುಂಡಾಯಿತು.

ಅಲ್ಲಿಯವರೆಗೆ ಯಾರಿಗೂ ಕೇಳಿಸದಿದ್ದ ನೀರು ಕೇಳಿಸಿತು. ಹರಿಗೋಲಿನ ತಳಕ್ಕೆ ಅಲೆ ತಾಗುವುದು ಕೇಳಿಸಿತು. ಯಾರದೋ ಎದೆ ಹೊಡೆದುಕೊಳ್ಳುವುದು ಬೈಲಪ್ಪನಿಗೆ ಕೇಳಿಸಿತು, ಅದು ಅವನದೇ.

ಓಬಳೇಶ ಮತ್ತೆ ಊದಿದ. ಬೈಲಪ್ಪನೂ ಕೂಡಿಕೊಂಡ. ದೀಪ ಹಚ್ಚಿದರು.

ಸಾಕಮ್ಮ ಎದ್ದು ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಎರಡೂ ಕೈಯಿಂದ ಓಬಳೇಶನ ಕೆನ್ನೆ ಹಿಡಿದಳು.

"ಇಷ್ಟು ದಿನ ಊದಿದ್ದೀಯ, ಇವತ್ತಿನ ಹಾಗೆ ಊದಿರಲಿಲ್ಲ. ನಡುವೆ ನಿಲ್ಲಿಸಿದೆಯಲ್ಲಪ್ಪ, ಅದು. ತೀರಿಹೋದ ನಮ್ಮ ಯಜಮಾನರು ಪಕ್ಕದಲ್ಲಿ ಬಂದು ಕೂತಹಾಗಾಯ್ತು."

"ನಿಜ," ಅಂದರು ಶೆಟ್ಟರು. "ಊದೋದು ಯಾರು ಬೇಕಾದರೂ ಊದಬಹುದು. ಅಂಥ ಮೌನ ಕೊಡಬೇಕಾದರೆ ಧೈರ್ಯ ಬೇಕು."

ಜನ ಓಬಳೇಶನನ್ನು ಮುತ್ತಿಕೊಂಡರು. ಅವನು ಏನೂ ಅರ್ಥವಾಗದೆ ನಗುತ್ತಿದ್ದ.

ಬೈಲಪ್ಪ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸ್ವರವಂತೂ ಓಬಳೇಶನ ಪಾಲಾಯಿತು, ಈಗ ಮೌನವೂ ಅವನ ಪಾಲಿಗೇ ಹೋಗುವುದೇ?

"ಅದು ನಂದು," ಅಂದ ಬೈಲಪ್ಪ.

"ಯಾವುದು?" ಅಂದರು ಶೆಟ್ಟರು.

"ಆ ಮೌನ. ನಾನು ಮಾಡಿದ್ದು. ಇವನು ಉಸಿರೆಳೆಯೋದನ್ನೇ ಕಾದಿದ್ದು, ಬೇಕು ಅಂತಲೇ ಬಿಟ್ಟೆ. ಇವನ ಮಾನ ಹೋಗಲಿ ಅಂತ. ಇವನದು ಅದರಲ್ಲಿ ಏನೇನೂ ಇಲ್ಲ. ಪೂರ್ತಿ ನಂದೇ."

ಹೇಳಿ ಮುಗಿದ ಮೇಲೆ, ಏನು ಹೇಳಿದೆನೆಂದು ಅವನಿಗೆ ಹೊಳೆಯಿತು. ಆಶ್ರಮಕ್ಕೆ ಬಂದ ಮೇಲೆ ಮೊದಲ ಸಲ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನನ್ನ ಕಿವಿಯೇ ಹೋಯ್ತು ಅಂದುಕೊಂಡೆ ಬೈಲಣ್ಣ," ಅಂದ ಓಬಳೇಶ. ಅವನ ನಗು ನಿಂತಿತ್ತು. "ನೀನು ಬಿಡ್ತೀಯ ಅಂತ ಮನಸ್ಸಿಗೆ ಬರಲೇ ಇಲ್ಲ."

ಬೈಲಪ್ಪ ತನ್ನ ವಾದ್ಯವನ್ನು ಬಟ್ಟೆಯಲ್ಲಿ ಸುತ್ತತೊಡಗಿದ.

ಗುರುಗಳು ಕಣ್ಣು ಬಿಟ್ಟರು.

"ಅವನು ಉಸಿರೆಳೆಯುವುದು ನಿನಗೆ ಮೊದಲೇ ಹೇಗೆ ತಿಳಿಯಿತು?"

"ಸ್ವರ ತೆಳುವಾಗುತ್ತೆ ಗುರುಗಳೇ. ಒಂದು ಕೂದಲೆಳೆಯಷ್ಟು."

"ನನಗೆ ಅದು ಯಾವತ್ತೂ ಕೇಳಿಸಿಲ್ಲ."

"ನಾನು ಅವನನ್ನು ಬಿಟ್ಟು ಬೇರೆ ಯಾವುದಕ್ಕೂ ಕಿವಿಗೊಟ್ಟಿಲ್ಲ."

ಗುರುಗಳು ಮಣೆಯಿಂದ ಎದ್ದರು. ಓಬಳೇಶನ ತೋಳು ಹಿಡಿದು ಅದರ ಮೇಲೆ ಕೂರಿಸಿದರು.

ಬೈಲಪ್ಪ ನೋಡಿದ. ಬಟ್ಟೆ ಸುತ್ತಿದ ವಾದ್ಯವನ್ನು ಬಗಲಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತತೊಡಗಿದ.

"ಎಲ್ಲಿಗೆ?"

"ನನಗಿಲ್ಲಿ ಇನ್ನೇನು ಕೆಲಸ ಗುರುಗಳೇ?"

ಗುರುಗಳು ಹತ್ತಿರ ಹೋಗಿ ಅವನ ಬಗಲಿನಿಂದ ವಾದ್ಯವನ್ನು ತೆಗೆದುಕೊಂಡರು. ಸುತ್ತಿದ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿ, ವಾದ್ಯವನ್ನು ಅವನ ಕೈಗೇ ಕೊಟ್ಟರು.

"ನಾಳೆಯೂ ಅವನ ಪಕ್ಕದಲ್ಲೇ ಕೂರು. ಅವನ ಉಸಿರು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರುವವನು ನೀನೊಬ್ಬನೇ."