ಗಾದ್ರಜ್ಜನ ಸಣ್ಣ ಕೋವಿ

ಬೇಟೆಗೆ ಯಾರ ಅಡ್ಡಿಯೂ ಇಲ್ಲದ ಕಾಲ. ಹೊಳೆದಂಡೇಲಿ ಗಾದ್ರಜ್ಜ ಅಂತ ಒಬ್ಬ ಗುರು ಇದ್ದ. ಕಲಿಸ್ತಿದ್ದದ್ದು ಬೇಟೆ. ಸುತ್ತಿನ ಗುಡ್ಡಗಳಲ್ಲೆಲ್ಲ ಅಂಥ ಗುರು ಇನ್ನೊಬ್ಬ ಇರ್ಲಿಲ್ಲ. ಇದ್ದ ಅನ್ನೋನು ಯಾವನಾದ್ರೂ ಇದ್ರೆ ಎದುರಿಗೆ ಬಂದು ಹೇಳ್ಲಿ.

ಅವನ ಹತ್ರ ಪಾಲಯ್ಯ ಬಂದ. ಮಾರಕ್ಕನ್ನೇ ಮದುವೆ ಆಗ್ಬೇಕು ಅಂತ ಜೀವ ಬಿಡ್ತಿದ್ದ ಹುಡುಗ. ಅವಳಪ್ಪ ಬೋಸಯ್ಯ ಮೀಸೆ ತಿರುವಿ ಹೇಳಿಬಿಟ್ಟಿದ್ದ: "ಗಾದ್ರಜ್ಜನ ಸಣ್ಣ ಕೋವೀಲಿ ಕರಡಿ ಹೊಡಿ, ಅದರ ಚರ್ಮ ತಂದು ಹಾಸು, ಆಮೇಲೆ ಹೆಣ್ಣು ಕೇಳು. ನಾನೂ ಹರೇದಲ್ಲಿ ಅದೇ ಕೋವಿ ಹಿಡ್ಕೊಂಡು ಕರಡಿಬೇಟೆಗೆ ಹೋದೋನೇ."

ಗುರು ಕೋವಿ ಕೊಟ್ಟ. ಪಾಲಯ್ಯ ನಳಿಗೆ ಒಳಗೆ ಕಿರುಬೆರಳು ತೂರಿಸಿ ನೋಡ್ದ. ತೂರ್ಲಿಲ್ಲ.

"ಅಜ್ಜಾ, ಇದ್ರಲ್ಲಿ ಹೊಡೆದ್ರೆ ಕರಡಿಗೆ ಕಚಗುಳಿ ಆಗ್ತೈತೆ ಅಷ್ಟೇ."

"ದೂರದಿಂದ ಹೊಡೆದ್ರೆ ಕಚಗುಳೀನೇ. ಹತ್ರ ಹೋಗ್ಬೇಕು."

"ಎಷ್ಟು ಹತ್ರ?"

"ನಾನು ಸಾಕು ಅನ್ನೋವರೆಗೂ."

ಬೆಳಿಗ್ಗೆ ಇಬ್ರೂ ಗುಡ್ಡ ಹತ್ತಿದ್ರು. ಗಾಳಿ ಎದುರಿಂದ ಬೀಸ್ತಿತ್ತು. ಆಚೆ ದಿಬ್ಬದ ಮೇಲೆ ಕರೀ ಉಂಡೆಯಂಥದ್ದೊಂದು ಹುತ್ತ ಕೆದರ್ತಿತ್ತು.

ಪಾಲಯ್ಯ ಕೋವಿ ಎತ್ತಿದ. ಗುರು ಅವನ ಕಿವಿ ಹಿಂಡಿದ.

"ಇನ್ನೂ ಹತ್ರ."

ತೆವಳಿದ್ರು. ಕಾರೆಮುಳ್ಳಿಗೆ ಸಿಕ್ಕಿ ಪಾಲಯ್ಯನ ಪಂಚೆ ಹರೀತು. ಈಗ ಕರಡಿ ಗೆದ್ದಲು ಹೀರೋ ಸದ್ದು ಕೇಳ್ತು, ಕಮ್ಮಾರ ತಿದಿ ಒತ್ತಿದಂಗೆ. ಕೋವಿ ಎತ್ತಿದ. ಮತ್ತೆ ಕಿವಿಗೆ ಬಂತು ಕೈ.

"ಇನ್ನೂ ಹತ್ರ."

ಹುಡುಗಂಗೆ, ಇವನು ಗುರುವಲ್ಲ, ನನ್ನನ್ನ ಕರಡಿ ಬಾಯಿಗೆ ಹಾಕೋಕೆ ಬೋಸಯ್ಯ ಗೊತ್ತು ಮಾಡಿದ ಆಳು ಅನ್ನಿಸ್ತು. ಆದ್ರೂ ತೆವಳಿದ. ಕಡೆಗೆ ಬಂಡೆ ಆಚೆ ಕರಡಿ, ಈಚೆ ಇವರು. ಅದರ ಮೈ ನಾತ ಮೂಗಿಗೆ ಬಡೀತು.

"ಸಾಕು. ಹೊಡಿ," ಅಂತ ಗುರು ಪಿಸುಗುಟ್ಟಿದ.

ಪಾಲಯ್ಯ ಗುರಿ ಹಿಡಿದ. ಕರಡಿ ಬೆನ್ನಿನ ಕೂದಲು ಅಲ್ಲಾಡ್ತು. ಒಳಗಿಂದ ಒಂದು ಪುಟ್ಟ ಮೂತಿ ಎದ್ದು ಆಕಳಿಸ್ತು. ಅದರ ಹಿಂದೆ ಇನ್ನೊಂದು. ಹಿಂದಿನದು ಮುಂದಿನದರ ಕಿವಿ ಕಚ್ಚಿ ಎಳೀತು, ಥೇಟು ಗಾದ್ರಜ್ಜನಂಗೆ.

ಪಾಲಯ್ಯ ಕಿಸಕ್ಕನೆ ನಕ್ಕುಬಿಟ್ಟ.

ತಾಯಿ ಎದ್ದು ನಿಂತು ನೋಡ್ತು. ಎದೆ ಮೇಲಿನ ಬಿಳಿ ಪಟ್ಟೆ ಕೋವಿ ಎದುರಿಗೇ ಇತ್ತು. ಬೆರಳು ಬಗ್ಗಲಿಲ್ಲ. ಗುರು ಎದ್ದು ಗುಡ್ಡ ನಡುಗೋ ಹಂಗೆ ಒಂದು ಕೆಮ್ಮು ಕೆಮ್ಮಿದ. ತಾಯಿ ಮರಿಗಳ್ನ ಹೊತ್ಕೊಂಡು ಇಳಿಜಾರಿಗೆ ಬಿದ್ದು ಓಡ್ತು.

ಹೊಳೇಲಿ ಮುಖ ತೊಳೆಯೋವಾಗ ಪಾಲಯ್ಯಂಗೆ ಮಾರಕ್ಕ ನೆನಪಾದ್ಲು. ನಗು ಇಳೀತು.

"ಅಜ್ಜಾ, ದೊಡ್ಡ ಕೋವಿ ಇದ್ದಿದ್ರೆ ದೂರದಿಂದ್ಲೇ ಉರುಳಿಸ್ತಿದ್ದೆ."

"ಉರುಳಿಸ್ತಿದ್ದೆ. ಒಂದು ಹೊಡೆದೆ ಅಂದ್ಕೊಂಡು ಮೂರು ಹೊಡೀತಿದ್ದೆ."

ಪಾಲಯ್ಯ ಹರಿದ ಪಂಚೇಲಿ ಮುಖ ಒರೆಸ್ಕೊಂಡ.

"ಚರ್ಮ ಇಲ್ದೆ ಬೋಸಯ್ಯನ ಮುಂದೆ ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಗುರು ಕೋವಿ ಒರೆಸಿ ಬಂಡೆಗೆ ಒರಗಿಸಿದ.

"ಇದೇ ಮುಖ ಹೊತ್ಕೊಂಡು ಹೋಗು. ಹೋಗಿ, ಅವನು ತಂದ ಚರ್ಮ ಮನೇಲಿ ಎಲ್ಲಿ ಹಾಸಿದಾನೆ ಅಂತ ಕೇಳು."