ಸಾಹುಕಾರರ ಮಿಕ್ಸಿಯ ಸದ್ದು

ದಾವಣಗೆರೆಯಲ್ಲಿ ಒಬ್ಬ ಅಡುಗೆಯವಳಿದ್ದಳು. ಅವಳ ಚಟ್ನಿ ನೆಕ್ಕಿದವನು ಬೆರಳನ್ನೂ ನುಂಗಿಬಿಡುತ್ತಿದ್ದ. ಆ ಚಟ್ನಿಗಳನ್ನೆಲ್ಲ ಅವಳು ತನ್ನ ವೆಬ್‌ಸೈಟಿನಲ್ಲಿ ಬರೆದಿಡುತ್ತಿದ್ದಳು. ಕೆಳಗೆ ಕೊಟ್ರಪ್ಪ ಸಾಹುಕಾರರ ಮಿಕ್ಸಿ ಅಂಗಡಿಯ ಲಿಂಕು. ಅದನ್ನು ಒತ್ತಿ ಯಾರು ಮಿಕ್ಸಿ ಕೊಂಡರೂ ಅವಳಿಗೆ ಕಮಿಷನ್. ಅವಳ ಒಲೆ ಉರಿಯುತ್ತಿದ್ದದ್ದೇ ಅದರಿಂದ.

ಸಾಹುಕಾರರು ಹೊಸ ಮಿಕ್ಸಿ ತರಿಸಿದರು. ಅದರ ಸದ್ದೋ, ಇಲ್ಲಿ ತಿರುಗಿಸಿದರೆ ಹರಿಹರದ ಕಾಗೆ ಹಾರುತ್ತಿತ್ತು!

"ಚೂರೂ ಸದ್ದಿಲ್ಲ ಅಂತ ಬರಿ. ಇಲ್ಲಾಂದ್ರೆ ನಿನ್ನ ಕಮಿಷನ್ ಬಂದ್!" ಎಂದು ಗುಡುಗಿದರು. ಆಮೇಲೆ ಉಪದೇಶ ಶುರು. ಅವರು ಉಪದೇಶಕ್ಕೆ ನಿಂತರೆ ಕೇಳುವವರ ಕೈಯ ಹಾಲು ಮೊಸರಾಗುತ್ತಿತ್ತು.

ಸುಳ್ಳು ಬರೆದರೆ ಓದುವವರು ಮತ್ತೆ ನಂಬುವುದಿಲ್ಲ. ನಿಜ ಬರೆದರೆ ಸಾಹುಕಾರರು ಬಿಡುವುದಿಲ್ಲ. ತನ್ನ ಕೈಯಲ್ಲೇ ಮೊಸರಾದ ಹಾಲನ್ನು ನೋಡುತ್ತಿದ್ದಂತೆ ಅವಳಿಗೆ ಉಪಾಯ ಹೊಳೆಯಿತು. ಹೀಗೆ ಬರೆದಳು:

"ಅಕ್ಕಂದಿರೇ, ಈ ಮಿಕ್ಸಿಯ ಸದ್ದು ಭಯಂಕರ. ಇದು ತಿರುಗುವಾಗ ಮನೆಯಲ್ಲಿ ಯಾರು ಎಷ್ಟೇ ಉಪದೇಶ ಮಾಡಲಿ, ಒಂದಕ್ಷರವೂ ಕಿವಿಗೆ ಬೀಳಲ್ಲ."

ಸಂಜೆಯೊಳಗೆ ಗೋದಾಮು ಖಾಲಿ!

ಸಾಹುಕಾರರು ಓಡಿಬಂದರು. "ಭಯಂಕರ ಅಂತ ಬರೆದು ನನ್ನ ಮರ್ಯಾದೆ ತೆಗೆದೆಯಲ್ಲೇ!"

"ಅಳಿಸಿಬಿಡ್ತೀನಿ ಬಿಡಿ ಸಾಹುಕಾರ್ರೇ. ಬಂದ ಗಿರಾಕಿಗಳನ್ನ ನೀವು ವಾಪಸ್ ಕಳಿಸ್ತೀರಾ?"

ಸಾಹುಕಾರರು ಬೈಗುಳವನ್ನು ನುಂಗಿಕೊಂಡರು. ಅದನ್ನು ಮನೆಗೆ ಹೊತ್ತು ತಂದು ಹೆಂಡತಿ ಹಾಲಮ್ಮನ ಮುಂದೆ ಬಾಯಿ ತೆರೆದರು.

ಗರ್ರ್ರ್ರ್!

ಹಾಲಮ್ಮ ನಗುನಗುತ್ತಾ ಹೊಸ ಮಿಕ್ಸಿ ತಿರುಗಿಸುತ್ತಿದ್ದಳು. "ನಮ್ಮಂಗಡೀದೇ ರೀ! ಆ ಚಟ್ನಿಯವಳ ಲಿಂಕು ಒತ್ತಿ ತರಿಸ್ದೆ!" ಎಂದು ಕೂಗಿದಳು.

ಸಾಹುಕಾರರಿಗೆ ಅದೂ ಕೇಳಿಸಲಿಲ್ಲ. ಗೊತ್ತಾದದ್ದು ಕಮಿಷನ್ ಕೊಡುವ ದಿನವೇ.