ಕೆಂದಿ ಕಾಲಿನ ಜಡ್ಡು

ಕುದುರೆ ಕಾಲು ಬಲ್ಲೋರು ಅಂದ್ರೆ ಹೊಳೆದಂಡೆ ಮಠದ ಮುಪ್ಪಿನಯ್ಯನೋರು ಒಬ್ರೇ. ಮಿಕ್ಕೋರೆಲ್ಲ ಬರೀ ಲಗಾಮು ಹಿಡಿದು ಮೀಸೆ ತಿರುವಿದೋರು.

ಅಯ್ಯನೋರ ಹತ್ರ ಕೆಂದಿ ಅಂತ ಒಂದು ಹೆಣ್ಣುಗುದುರೆ ಇತ್ತು. ಮಠಕ್ಕೆ ಇದ್ದದ್ದು ಒಂದೇ ಕಟ್ಟಳೆ. ಕೆಂದಿ ಯಾರನ್ನ ಹತ್ರ ಬಿಟ್ಕೊಳ್ಳಲ್ವೋ ಅವನಿಗೆ ಉಪದೇಶ ಇಲ್ಲ. ಎಂಥಾ ದೊಡ್ಡ ಮನೆತನದವನೇ ಆಗಲಿ, ಗಂಟು ಕಟ್ಕೊಂಡು ಹೊಳೆ ದಾಟಬೇಕು.

ಕಲ್ಲೇಶಿ ಅನ್ನೋ ಬಡಗಿ ಹೆಂಡ್ತಿ ತೀರ್ಕೊಂಡ ಮೇಲೆ ಉಪದೇಶ ಬೇಕು ಅಂತ ಬಂದಿದ್ದ. ಹೋಗೋಕೆ ಬೇರೆ ಮನೆ ಇರಲಿಲ್ಲ. ಒಂದು ವರ್ಷ ಲದ್ದಿ ಬಾಚಿದ. ಕೆಂದಿ ಅವನ ಹೆಗಲ ಮೇಲೆ ಗದ್ದ ಊರೋವಷ್ಟು ಒಗ್ಗಿಕೊಳ್ತು.

ಕುದುರೆಗೆ ನಾಲ್ಕೂ ಕಾಲಿನ ಒಳಮಗ್ಗುಲಲ್ಲಿ ಒಂದೊಂದು ಜಡ್ಡು ಇರ್ತದೆ. ರೋಗ ಅಲ್ಲ, ಹುಟ್ಟಿನಿಂದ ಬಂದದ್ದು. ಉಗುರಿನ ಹಾಗೆ ಬೆಳೀತದೆ. ಹಂಗೇ ಬಿಟ್ರೆ ಚಕ್ಕೆ ಚಕ್ಕೆಯಾಗಿ ಚಾಚ್ಕೊಂಡು, ಎಲ್ಲಾದ್ರೂ ಸಿಕ್ಕಿ ಕಿತ್ತು ಬರ್ತದೆ.

ಕೆಂದಿ ಮುಂಗಾಲಿನ ಜಡ್ಡು ಅತಿಯಾಗಿ ಬೆಳೆದದ್ದು ಕಂಡು ಅಯ್ಯನೋರು ಕಲ್ಲೇಶಿಗೆ, ಅದನ್ನ ಸ್ವಲ್ಪ ನೋಡ್ಕೋ ಅಂದು ಸ್ನಾನಕ್ಕೆ ಹೋದ್ರು.

ಬಡಗಿ ಕಣ್ಣು. ಅದು ಅವನಿಗೆ ಮರದ ಗಂಟಿನಂಗೆ ಕಾಣಿಸ್ತು. ಉಳಿ ಮಸೆದು ತಂದ. ಬಲ ಮುಂಗಾಲಿಂದು ಮೇಲಿನ ಪದರ ಸಲೀಸಾಗಿ ಬಂತು. ಕಲ್ಲೇಶಿಗೆ ಹುರುಪು ಏರ್ತು. ಚರ್ಮದ ಸಮಕ್ಕೆ ತಂದೇ ಬಿಡೋಣ ಅಂತ ಇನ್ನೊಂದು ಸಲ ಒತ್ತಿದ.

ರಕ್ತ ಬಂತು. ಕೆಂದಿ ಅವನನ್ನ ಗೋಡೆಗೆ ಒಗೀತು. ಅವತ್ತಿಂದ ಅವನ ನೆರಳು ಕಂಡ್ರೂ ಕಿವಿ ಹಿಂದಕ್ಕೆ ಮಡಚೋದು.

ಎರಡು ದಿನ ನೋಡಿ ಕಲ್ಲೇಶಿ ತಾನೇ ಗಂಟು ಕಟ್ಟಿ, ಅಯ್ಯನೋರ ಮುಂದೆ ನಿಂತು, ಮುಚ್ಚಿಡದೆ ಎಲ್ಲ ಹೇಳಿದ.

"ಆಳಕ್ಕೆ ಹೋದದ್ದು ತಿಳೀಲಿಲ್ವಾ?"

"ತಿಳೀಲಿಲ್ಲ ಅಯ್ಯಾ."

ಕಣ್ಣು ಮುಚ್ಚಿ ಕೈ ಚಾಚು ಅಂದ್ರು. ಕೆಂದಿ ಬಾಲದ್ದೊಂದು ಕೂದಲು ತಗೊಂಡು ಅವನ ಅಂಗೈ ಮೇಲೆ ಎಳೆದ್ರು.

"ಈಗ?"

"ಇನ್ನೂ ಏನೂ ಮಾಡ್ಲಿಲ್ವಲ್ಲ ಅಯ್ಯಾ."

ಕಣ್ಣು ಬಿಟ್ಟು ನೋಡಿದ. ಕೂದಲು ಅಂಗೈ ಮೇಲೇ ಇತ್ತು. ಮೂವತ್ತು ವರ್ಷ ಉಳಿ, ಬಾಚಿ ಹಿಡಿದ ಅಂಗೈ, ಚಪ್ಪಲಿ ಅಟ್ಟೆಯಂಗೆ ದಪ್ಪ.

ಅಯ್ಯನೋರು ಹರಳೆಣ್ಣೆ ಬಟ್ಟಲು ಕೊಟ್ಟು ಹಚ್ಚು ಅಂದ್ರು. ಕಲ್ಲೇಶಿ ಲಾಯದ ಕಡೆ ತಿರುಗಿದ.

"ಕೆಂದಿಗಲ್ಲ. ನಿನ್ನ ಕೈಗೆ."

ಎರಡು ತಿಂಗಳು ಅದೇ ಕೆಲಸ. ಬೆಳಿಗ್ಗೆ ಸಂಜೆ ಎಣ್ಣೆ, ಹೊಳೇಲಿ ನೆನೆಸೋದು, ಉಜ್ಜೋದು. ಉಳಿ ಮುಟ್ಟಂಗಿಲ್ಲ. ಅಡಿಗೆ ಮಾಡೋ ಸಂಗವ್ವ ಮದುವೆಗಂಡಿನ ಕೈ ಆಯ್ತಲ್ಲಪ್ಪ ಅಂತ ರೇಗಿಸಿದಳು. ಅವನು ಲಾಯದ ಮೂಲೇಲಿ ಸುಮ್ಮನೆ ಕೂತಿರೋನು. ಕೆಂದಿ ದಿನಾ ಒಂದು ಹೆಜ್ಜೆ ಹತ್ರ ಬಂತು. ಒಂದಿನ ಆ ಅಂಗೈಗೆ ಮೂತಿ ಇಡ್ತು. ಅದರ ಉಸಿರು ಅವನಿಗೆ ತಿಳೀತು. ಕಲ್ಲೇಶಿ ಅತ್ತುಬಿಟ್ಟ.

ಆಮೇಲೆ ಎಡ ಮುಂಗಾಲಿನ ಜಡ್ಡಿಗೆ ಮೂರು ದಿನ ಎಣ್ಣೆ ತೀಡಿದ. ನಾಲ್ಕನೇ ದಿನ ಕೆಂದಿ ಮೈ ತೊಳೆದು, ಹೆಬ್ಬೆಟ್ಟಲ್ಲಿ ಮೆಲ್ಲಗೆ ಎಬ್ಬಿಸಿದ. ಒಂದು ಪದರ ಈರುಳ್ಳಿ ಸಿಪ್ಪೆಯಂಗೆ ಬಿಟ್ಟುಕೊಂಡು ಬಂತು. ಇನ್ನೊಂದು ಬಂತು. ಕೆಂದಿ ಮೇವು ಅಗೀತಾನೇ ಇತ್ತು. ಕಲ್ಲೇಶಿ ಕೈ ತೆಗೆದ.

"ಇನ್ನೂ ಉಳಿದೈತಲ್ಲೋ," ಅಂದ್ರು ಹಿಂದೆ ನಿಂತಿದ್ದ ಅಯ್ಯನೋರು.

"ಇದರ ಕೆಳಗೆ ಬೆಚ್ಚಗೈತೆ ಅಯ್ಯಾ."

ಅಂಥಾ ಅಯ್ಯನೋರೂ ಮೊಣಕಾಲೂರಿ ಕೂತು, ಅವನು ಬಿಟ್ಟ ಜಾಗವನ್ನ ಬೆರಳಲ್ಲಿ ಮುಟ್ಟಿ ನೋಡಿದ್ರು.

ಕಲ್ಲೇಶಿಗೆ ತಡೀಲಿಲ್ಲ. "ಅಯ್ಯಾ, ನಾನು ಇರಲೋ, ಹೋಗಲೋ?"

ಅಯ್ಯನೋರು ಎಣ್ಣೆ ಬಟ್ಟಲನ್ನ ಅವನ ಕಡೆ ಸರಿಸಿದ್ರು.

"ಹಿಂಗಾಲಿಂದು ಎರಡು ಬಾಕಿ ಅವೆ."